ಹುಬ್ಬಳ್ಳಿಯಿಂದ ಗದಗ, ಲಕ್ಕುಂಡಿ, ಡಂಬಳ: ರಾತ್ರಿ ರೈಲು ತಪ್ಪದಂತೆ ತಂಡವನ್ನು ಕರೆದೊಯ್ಯುವ ಬಗೆ

ಬೆಳಗಿನ ರೈಲಿಗೆ ಹುಬ್ಬಳ್ಳಿಯಲ್ಲಿ ಇಳಿದು ರಾತ್ರಿ ರೈಲಿಗೆ ಮರಳಿ ಹತ್ತುವ ತಂಡದ ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ ಹನ್ನೆರಡು ತಾಸು. ಮಹಿಳಾ ಮಂಡಳ, ನಿವೃತ್ತರ ಬಳಗ, ಕಾಲೇಜಿನ ಇತಿಹಾಸ ವಿಭಾಗ, ಮದುವೆ ಮುಗಿಸಿ ಒಂದು ದಿನ ಉಳಿದ ಬೀಗರು, ಯಾರೇ ಬರಲಿ, ತರುವ ಪಟ್ಟಿ ಒಂದೇ: ಅಣ್ಣಿಗೇರಿ, ಗದಗ, ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರ. ಐದೂ ಒಂದೇ ದಿನದಲ್ಲಿ ಆಗುವ ಮಾತಲ್ಲ. ಆಗುತ್ತದೆ ಎನ್ನುವವರು ಇಳಿದು, ಫೋಟೊ ಹೊಡೆದು, ಹತ್ತುವ ಲೆಕ್ಕ ಹಾಕಿರುತ್ತಾರೆ. ಲಕ್ಷ್ಮೇಶ್ವರವನ್ನು ಮೊದಲೇ ತೆಗೆದುಬಿಡಿ. ಕವಿರಾಜಮಾರ್ಗ ಹೇಳುವ ತಿರುಳ್ಗನ್ನಡದ, ಅಂದರೆ ಅಚ್ಚಗನ್ನಡದ ನಾಡಿನ ಪುಲಿಗೆರೆ ಅದೇ ಊರು, ಅಲ್ಲಿಯ ಸೋಮೇಶ್ವರ ಗುಡಿಯನ್ನು ಬಿಡಲು ಮನಸ್ಸು ಬಾರದು, ನಿಜ. ಆದರೆ ದಿಕ್ಕೇ ಬೇರೆ. ಅದಕ್ಕೊಂದು ಬೇರೆ ದಿನ ಬೇಕು. ಅಣ್ಣಿಗೇರಿಯನ್ನು ವಾಪಸ್ ಬರುವ ದಾರಿಗೆ ಇಟ್ಟುಕೊಳ್ಳಿ. ಸಮಯ ಉಳಿದರೆ ಇಳಿಯುವುದು, ಇಲ್ಲವಾದರೆ ಕಿಟಕಿಯಿಂದಲೇ ಕೈ ಮುಗಿಯುವುದು.

ಮೊದಲು ದೂರ. ಹುಬ್ಬಳ್ಳಿಯಿಂದ ಗದಗ ಸುಮಾರು 58 ಕಿಲೋಮೀಟರ್, ಗದಗದಿಂದ ಲಕ್ಕುಂಡಿ 12, ಗದಗದಿಂದ ಡಂಬಳ 20ರ ಆಸುಪಾಸು. ಹೋಗಿ ಬರುವುದು, ಊರೊಳಗಿನ ಸುತ್ತಾಟ ಎಲ್ಲ ಸೇರಿ 200 ಕಿಲೋಮೀಟರ್ ಎಂದು ಹಿಡಿಯಿರಿ. ಗಾಡಿ ಗೊತ್ತು ಮಾಡುವಾಗ ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರಿನ ಬಾಡಿಗೆ ಹಿಡಿಯುತ್ತಾರೆ, ಡ್ರೈವರನ ಭತ್ಯೆ ಅದರಲ್ಲಿ ಸೇರಿದೆಯೋ ಬೇರೆಯೋ, ಪಾರ್ಕಿಂಗ್ ಯಾರ ತಲೆಗೆ ಎಂಬ ಮೂರನ್ನೂ ಮೊದಲೇ ಬಾಯಿ ಬಿಟ್ಟು ಕೇಳಬೇಕು. ತಕರಾರು ಹುಟ್ಟುವುದು ಸಂಜೆ ಹಣ ಎಣಿಸುವಾಗ, ಅದೂ ಈ ಮೂರರಲ್ಲೇ. ಇಪ್ಪತ್ತಾರು ಜನಕ್ಕೆ ಒಂದು ದೊಡ್ಡ ಬಸ್ಸಿಗಿಂತ ಎರಡು ಟೆಂಪೊ ಟ್ರಾವೆಲರ್ ಮೇಲು. ಗದಗದ ಹಳೆಯ ಪೇಟೆಯ ಓಣಿಗಳಲ್ಲಿ, ಲಕ್ಕುಂಡಿಯ ಮನೆಗಳ ಸಂದಿಯಲ್ಲಿ ದೊಡ್ಡ ಬಸ್ ತಿರುಗುವುದಿಲ್ಲ. ಅದು ನಿಂತಲ್ಲಿಂದ ಮಂಡಿನೋವಿನವರು ನಡೆಯಬೇಕಾಗುತ್ತದೆ.

ಇಬ್ಬರು ಮೂವರಿದ್ದರೆ ಗಾಡಿಯ ಗೊಡವೆಯೇ ಬೇಡ. ಗದಗದವರೆಗೆ ರೈಲು ಅಥವಾ ಸಾರಿಗೆ ಬಸ್, ಅಲ್ಲಿಂದ ಕೊಪ್ಪಳದ ಕಡೆ ಹೋಗುವ ಬಸ್ಸಿಗೆ ಲಕ್ಕುಂಡಿ. ಕರ್ನಾಟಕದ ಹೆಣ್ಣುಮಕ್ಕಳು ಆಧಾರ್ ಕಾರ್ಡ್ ಇಟ್ಟುಕೊಂಡರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತ. ಡಂಬಳವನ್ನೂ ಬಸ್ಸಿನಲ್ಲೇ ಸೇರಿಸಲು ಹೋದರೆ ಕಾಯುವುದರಲ್ಲೇ ಮಧ್ಯಾಹ್ನ ಕಳೆಯುತ್ತದೆ.

ಇನ್ನು ಊರುಗಳ ಸರದಿ. ಲಕ್ಕುಂಡಿಯೇ ಮುಖ್ಯ, ಹಾಗಾಗಿ ಅಲ್ಲಿಗೇ ಮೊದಲು ಎಂದು ಹೊರಡುವುದು ಸಾಮಾನ್ಯ ತಪ್ಪು. ಗದಗದ ವೀರನಾರಾಯಣ, ತ್ರಿಕೂಟೇಶ್ವರ ಎರಡೂ ಪೂಜೆ ನಡೆಯುವ ಗುಡಿಗಳು. ಮಧ್ಯಾಹ್ನ ಬಾಗಿಲು ಹಾಕಿದರೆ ಸಂಜೆಯವರೆಗೆ ತೆಗೆಯುವುದಿಲ್ಲ. ಲಕ್ಕುಂಡಿಯ ಗುಡಿಗಳು ಪುರಾತತ್ವ ಇಲಾಖೆಯ ಕೈಯಲ್ಲಿವೆ, ಮಧ್ಯಾಹ್ನವೂ ನೋಡಬಹುದು. ಆದ್ದರಿಂದ ಬೆಳಿಗ್ಗೆ ಗದಗ, ನಡುಹೊತ್ತು ಲಕ್ಕುಂಡಿ, ಊಟದ ನಂತರ ಡಂಬಳ. ಹುಬ್ಬಳ್ಳಿಯಲ್ಲಿ ಆರೂಕಾಲಿಗೆ ನಾಷ್ಟಾ, ಏಳಕ್ಕೆ ಗಾಡಿ ಬಿಡಬೇಕು. ಏಳೂವರೆಗೆ ಬಿಟ್ಟರೆ ಅರ್ಧ ತಾಸಷ್ಟೇ ಹೋಯಿತಲ್ಲ ಎನ್ನಿಸುತ್ತದೆ. ಆದರೆ ಆ ಅರ್ಧ ತಾಸು ತ್ರಿಕೂಟೇಶ್ವರದಲ್ಲಿ ಕಡಿಮೆ ಬಿದ್ದು, ಲಕ್ಕುಂಡಿಯ ಊಟ ಎರಡೂವರೆಗೆ ಜಾರಿ, ಕೊನೆಗೆ ಡಂಬಳವನ್ನೇ ನುಂಗುತ್ತದೆ.

ದಾರಿಯ ಒಂದೂಕಾಲು ತಾಸು ಮಾತಿಗೆ ಒಳ್ಳೆಯ ಹೊತ್ತು. ಕುಮಾರವ್ಯಾಸನ ಊರು ಕೋಳಿವಾಡ ಇದೇ ಹುಬ್ಬಳ್ಳಿ ತಾಲೂಕಿನದು. ಪಂಪನ ಹುಟ್ಟೂರು ಅಣ್ಣಿಗೇರಿ ದಾರಿಯಲ್ಲೇ ಸಿಗುತ್ತದೆ. ಇವೆರಡನ್ನು ಗಾಡಿಯಲ್ಲೇ ಹೇಳಿ ಮುಗಿಸಿದರೆ ಗುಡಿಯೊಳಗೆ ನಿಂತು ಭಾಷಣ ಮಾಡುವುದು ತಪ್ಪುತ್ತದೆ. ಗುಡಿಯಲ್ಲಿ ಕಣ್ಣಿಗೆ ಕೆಲಸ ಇರಬೇಕು, ಕಿವಿಗಲ್ಲ.

ವೀರನಾರಾಯಣ ಗುಡಿಗೆ ಮುಕ್ಕಾಲು ತಾಸು ಸಾಕು. ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ ಪಂಚನಾರಾಯಣಗಳಲ್ಲಿ ಇದೊಂದು ಎಂಬ ನಂಬಿಕೆ ಇದೆ. ಎದುರಿನ ಗೋಪುರ ವಿಜಯನಗರದ ಮಾದರಿಯದು. ಒಳಗೆ ಹೋದವರೆಲ್ಲ ಕುಮಾರವ್ಯಾಸನ ಕಂಬ ಎಲ್ಲಿ ಎಂದೇ ಕೇಳುತ್ತಾರೆ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಆ ಕಂಬಕ್ಕೆ ಒರಗಿ ಕೂತು, ಬಟ್ಟೆ ಆರುವತನಕ ಭಾರತ ಬರೆಯುತ್ತಿದ್ದ ಎಂಬುದು ಊರಿನ ಮಾತು. ಅದನ್ನು ಊರಿನ ಮಾತೆಂದೇ ಹೇಳಿ. ಇಪ್ಪತ್ತಾರು ಜನ ಒಟ್ಟಿಗೆ ಕಂಬದ ಹತ್ತಿರ ನುಗ್ಗಿದರೆ ಯಾರಿಗೂ ಏನೂ ಕಾಣುವುದಿಲ್ಲ. ಎರಡು ಗುಂಪು ಮಾಡಿ, ಒಂದು ಒಳಗಿದ್ದಾಗ ಇನ್ನೊಂದು ಹೊರಗೆ ಪ್ರದಕ್ಷಿಣೆಯಲ್ಲಿರಲಿ. ಅರ್ಚಕರಿಗೆ ಹಿಂದಿನ ದಿನವೇ ಒಂದು ಫೋನ್ ಮಾಡಿ ಎಷ್ಟು ಜನ, ಎಷ್ಟು ಹೊತ್ತಿಗೆ ಎಂದು ತಿಳಿಸಿದ್ದರೆ ಮಂಗಳಾರತಿಯ ಹೊತ್ತನ್ನು ಹೊಂದಿಸಿಕೊಂಡು ಹೋಗಬಹುದು.

ತ್ರಿಕೂಟೇಶ್ವರಕ್ಕೆ ಒಂದು ತಾಸು. ಒಂದೇ ಪೀಠದ ಮೇಲೆ ಮೂರು ಲಿಂಗಗಳು, ಬ್ರಹ್ಮ, ವಿಷ್ಣು, ಮಹೇಶ್ವರ ಎಂದು. ಜನ ಅದನ್ನು ನೋಡಿ ಹೊರಟುಬಿಡುತ್ತಾರೆ. ಅದೇ ಆವರಣದಲ್ಲಿರುವ ಸರಸ್ವತಿ ಗುಡಿಯನ್ನು ಮಾತ್ರ ತಪ್ಪಿಸಬಾರದು. ಮೂರ್ತಿ ಭಗ್ನವಾಗಿದೆ, ನೋಡಬೇಕಾದ್ದು ಕಂಬಗಳು. ಕಲ್ಯಾಣ ಚಾಲುಕ್ಯರ ಕಾಲದ ಕಂಬ ಹೇಗಿರುತ್ತದೆ ಎಂದು ಇಲ್ಲಿ ಕಣ್ಣು ಪಳಗಿದರೆ ಲಕ್ಕುಂಡಿಯಲ್ಲಿ ವಿವರಣೆ ಅರ್ಧ ಕಡಿಮೆಯಾಗುತ್ತದೆ.

ಲಕ್ಕುಂಡಿಗೆ ಹನ್ನೊಂದರ ಸುಮಾರಿಗೆ ಮುಟ್ಟಬೇಕು. ಶಾಸನಗಳ ಲೊಕ್ಕಿಗುಂಡಿ ಇದು. ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತನ್ನು ಸ್ಥಳೀಯ ಮಾರ್ಗದರ್ಶಿಗಳು ಹೇಳದೆ ಬಿಡರು. ನಿಮಗೆ ಬೇಕಾದ್ದು ಮೂರು ಗುಡಿ, ಒಂದು ಬಾವಿ, ಮ್ಯೂಸಿಯಂನಲ್ಲಿ ಇಪ್ಪತ್ತು ನಿಮಿಷ. ಎರಡೂವರೆ ತಾಸಿಗೆ ಅಷ್ಟು ಸರಿಹೋಗುತ್ತದೆ.

ಬ್ರಹ್ಮ ಜಿನಾಲಯದಿಂದ ಶುರು ಮಾಡಿ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ. ರನ್ನನಿಂದ ಅಜಿತಪುರಾಣ ಬರೆಸಿದವಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಇವಳೇ. ಸಾವಿರ ಪ್ರತಿ ಎಂದಾಗ ಯಾರೂ ಬೆರಗಾಗುವುದಿಲ್ಲ. ಒಂದೊಂದು ಅಕ್ಷರವನ್ನೂ ತಾಳೆಗರಿಯ ಮೇಲೆ ಕಂಟದಿಂದ ಕೈಯಾರೆ ಕೊರೆಯಬೇಕಿತ್ತು ಎಂದು ಹೇಳಿ ನೋಡಿ, ಆಗ ಮಾತು ನಾಟುತ್ತದೆ. ಬಿಸಿಲಿನಿಂದ ಒಳಗೆ ಕಾಲಿಟ್ಟೊಡನೆ ಏನೂ ಕಾಣಿಸದು. ಎರಡು ನಿಮಿಷ ಸುಮ್ಮನೆ ನಿಲ್ಲಿಸಿ, ಆಮೇಲೆ ಮಂಟಪದ ನಾಲ್ಕು ಮುಖದ ಬ್ರಹ್ಮನನ್ನು ತೋರಿಸಿ. ಟಾರ್ಚಿನ ಬೆಳಕನ್ನು ಎದುರಿನಿಂದ ಬಿಟ್ಟರೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದಿಂದ, ಕಲ್ಲಿಗೆ ಸವರುವಂತೆ ಹಿಡಿದರೆ ಒಂದೊಂದು ಗೆರೆಯೂ ಎದ್ದು ನಿಲ್ಲುತ್ತದೆ.

ಕಾಶಿವಿಶ್ವೇಶ್ವರ ಗುಡಿಗೆ ಕೈಬಿಚ್ಚಿ ಸಮಯ ಕೊಡಿ. ಒಂದೇ ಜಗತಿಯ (ಎತ್ತರದ ಕಟ್ಟೆಯ) ಮೇಲೆ ಎದುರುಬದುರು ಎರಡು ಗುಡಿ: ದೊಡ್ಡದು ಶಿವನದು, ಚಿಕ್ಕದು ಸೂರ್ಯನದು. ಸೂರ್ಯನ ಗುಡಿಯ ಬಾಗಿಲು ಸಾಮಾನ್ಯವಾಗಿ ಪೂರ್ವಕ್ಕೆ; ಇಲ್ಲಿ ಶಿವನನ್ನು ನೋಡುತ್ತ ಪಶ್ಚಿಮಕ್ಕೆ ತಿರುಗಿದೆ. ಬಾಗಿಲುವಾಡದ ಹತ್ತಿರ ನಾಲ್ಕು ನಾಲ್ಕು ಜನರನ್ನು ಮಾತ್ರ ಕರೆಯಿರಿ. ಪಟ್ಟಿಯ ಪಕ್ಕ ಪಟ್ಟಿ, ಬಳ್ಳಿಯ ಸುರುಳಿಯೊಳಗೆ ಬೆರಳುಗುರಿನಷ್ಟು ಆಕೃತಿಗಳು. ಕಂಬಗಳ ನಡುಭಾಗದಲ್ಲಿ ಬಳೆ ಜೋಡಿಸಿದಂತೆ ಸುತ್ತ ಹರಿದಿರುವ ಗೆರೆಗಳನ್ನು ತೋರಿಸಿ. ಕಂಬವನ್ನು ಚಕ್ರಕ್ಕೆ ಹಾಕಿ ತಿರುಗಿಸಿ ಕಡೆದ ಗುರುತು ಅದು. ಉಳಿಯಿಂದ ಕೊರೆದಿದ್ದರೆ ಅಷ್ಟು ಸಮನಾಗಿ ಬರುತ್ತಿರಲಿಲ್ಲ. ಇದು ಆದದ್ದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ಕಲ್ಲು. ಪಟ್ಟದಕಲ್ಲಿನ ಮರಳುಗಲ್ಲು ನೋಡಿ ಬಂದವರು ತಂಡದಲ್ಲಿದ್ದರೆ ಹೋಲಿಸಲು ಹೇಳಿ, ವ್ಯತ್ಯಾಸ ತಾವೇ ಕಂಡುಕೊಳ್ಳುತ್ತಾರೆ. ಮುಟ್ಟಲು ಮಾತ್ರ ಬಿಡಬೇಡಿ. ದಿನಾ ನೂರು ಕೈ ಸವರಿದರೆ ಆ ಸೂಕ್ಷ್ಮ ಕೆಲಸ ಉಳಿಯುವುದಿಲ್ಲ. ಟ್ರೈಪಾಡ್ ಇಟ್ಟು ಫೋಟೊ ತೆಗೆಯಲು ಇಲಾಖೆಯ ಅನುಮತಿ ಬೇಕು, ಡ್ರೋನ್ ಹಾರಿಸುವಂತಿಲ್ಲ. ಎದುರಿನ ನನ್ನೇಶ್ವರಕ್ಕೆ ಒಂದು ಸುತ್ತು ಸಾಕು.

ಮಾಣಿಕೇಶ್ವರದ ಮುಸುಕಿನ ಬಾವಿಯನ್ನು ಹನ್ನೆರಡೂವರೆಗೆ ಇಟ್ಟುಕೊಳ್ಳಿ. ಬೆಳಿಗ್ಗೆ, ಸಂಜೆ ಅರ್ಧ ಬಾವಿ ನೆರಳಲ್ಲಿ ಮುಳುಗಿರುತ್ತದೆ. ಬಿಸಿಲು ನೆತ್ತಿಗೆ ಬಂದಾಗ ಮೂರು ಬದಿಯ ಮೆಟ್ಟಿಲು, ಅವುಗಳ ನಡುವಿನ ಗೂಡುಗುಡಿಗಳು ಕೆಳಗಿನವರೆಗೆ ತಿಳಿಯಾಗಿ ಕಾಣುತ್ತವೆ. ಮೆಟ್ಟಿಲು ಕಡಿದಾಗಿವೆ, ನೀರಿನ ಹತ್ತಿರ ಪಾಚಿ. ಮೇಲಿನಿಂದ ನೋಡುವವರು, ಇಳಿಯುವವರು ಎಂದು ಎರಡು ಭಾಗ ಮಾಡಿ. ಇಳಿಯುವವರಿಗೆ ಹತ್ತು ನಿಮಿಷ, ಸೆಲ್ಫಿಗೆ ಬೆನ್ನು ತಿರುಗಿಸಿ ನಿಲ್ಲುವುದು ಬೇಡ. ತಂಡ ಹೊತ್ತು ಕಳೆಯುವ ಜಾಗ ಇದೇ. ತಣ್ಣಗಿರುತ್ತದೆ, ಕೂತವರು ಏಳುವುದಿಲ್ಲ. "ಅಕ್ಕಾರ, ಏಳ್ರಿ, ರೊಟ್ಟಿ ಆರತಾವು" ಅಂದರೆ ಏಳುತ್ತಾರೆ.

ರೊಟ್ಟಿ ನಿಜಕ್ಕೂ ಲೆಕ್ಕದ ವಿಷಯ. ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ ತಟ್ಟಿ ಬೇಯಿಸಲು ಒಂದಕ್ಕೆ ಎರಡು ನಿಮಿಷ ಹಿಡಿಯಿರಿ. ಇಪ್ಪತ್ತಾರು ಜನಕ್ಕೆ ತಲೆಗೆ ಎರಡರಂತೆ ಐವತ್ತೆರಡು ರೊಟ್ಟಿ. ಒಂದೇ ಹಂಚಾದರೆ ಹತ್ತಿರಹತ್ತಿರ ಒಂದೂಮುಕ್ಕಾಲು ತಾಸು. ಹೇಳದೆ ಕೇಳದೆ ಹೋಗಿ ಕೂತು, ಊಟ ತಡವಾಯಿತೆಂದು ಅವರ ಮೇಲೆ ಸಿಟ್ಟಾದರೆ ಪ್ರಯೋಜನವಿಲ್ಲ. ಎರಡು ದಿನ ಮೊದಲು ಹೇಳಿ, ಅಂದು ಬೆಳಿಗ್ಗೆ ಹತ್ತಕ್ಕೆ ಗದಗದಿಂದ ಇನ್ನೊಮ್ಮೆ ನೆನಪಿಸಿ: ಇಷ್ಟು ಜನ, ಒಂದೂಮುಕ್ಕಾಲಿಗೆ, ಬಿಸಿರೊಟ್ಟಿ ತಲೆಗೆ ಒಂದು, ಉಳಿದದ್ದು ಕಡಕ್ ರೊಟ್ಟಿ. ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಇದ್ದರಾಯಿತು. ಬೆಂಗಳೂರು, ಮಂಗಳೂರು ಕಡೆಯವರಿದ್ದರೆ ಖಾರ ಕಡಿಮೆ ಎಂದೂ, ಅನ್ನ ಹೆಚ್ಚು ಎಂದೂ ಹೇಳಿಡಿ.

ಡಂಬಳಕ್ಕೆ ಮೂರು ಗಂಟೆಯ ಹೊತ್ತಿಗೆ ತಲುಪಿ ಒಂದು ತಾಸು ಕೊಡಿ. ದೊಡ್ಡಬಸಪ್ಪ ಗುಡಿಯ ಗರ್ಭಗುಡಿ ಇಪ್ಪತ್ನಾಲ್ಕು ಮೂಲೆಯ ನಕ್ಷತ್ರ. ಬಾಯಲ್ಲಿ ಹೇಳಿದರೆ ಇದು ತಲೆಗೆ ಹೋಗುವುದಿಲ್ಲ. ಮನೆಯಿಂದ ಒಂದೇ ಅಳತೆಯ ಆರು ಚೌಕ ರಟ್ಟು ಕತ್ತರಿಸಿ ತನ್ನಿ, ಅಂಗೈಯಗಲ ಸಾಕು. ಆರನ್ನೂ ಒಂದರ ಮೇಲೊಂದಿಟ್ಟು ನಟ್ಟನಡುವೆ ಗುಂಡುಪಿನ್ ಚುಚ್ಚಿ, ಒಂದೊಂದನ್ನೂ ಅದರ ಕೆಳಗಿನದಕ್ಕಿಂತ 15 ಡಿಗ್ರಿ ತಿರುಗಿಸುತ್ತ ಹೋಗಿ. ಆರು ಚೌಕದ ನಾಲ್ಕು ನಾಲ್ಕು ಮೂಲೆ, ಒಟ್ಟು ಇಪ್ಪತ್ನಾಲ್ಕು. ಈಗ ಅದನ್ನು ಕೈಯಲ್ಲಿ ಹಿಡಿದು ಗುಡಿಯ ಹಿಂಭಾಗಕ್ಕೆ ಬನ್ನಿ. ಗೋಡೆ ಯಾಕೆ ಹಲ್ಲುಹಲ್ಲಾಗಿ ತಿರುಗುತ್ತದೆ, ಶಿಖರದಲ್ಲೂ ಅದೇ ಹಲ್ಲು ಹೇಗೆ ಮೇಲೇರುತ್ತದೆ ಎಂದು ಮಕ್ಕಳೂ ಹೇಳುತ್ತಾರೆ. ಎಣಿಸಲು ಹೊರಟವರಿಗೆ ಇಪ್ಪತ್ನಾಲ್ಕು ಸಿಗುವುದಿಲ್ಲ, ಗಾಬರಿ ಬೇಡ: ಮುಂದಿನ ಮಂಟಪ ಬಂದು ಸೇರುವ ಕಡೆ ಕೆಲವು ಮೂಲೆ ಒಳಗೇ ಅಡಗಿವೆ. ದೊಡ್ಡ ನಂದಿಯನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ತೋರಿಸಿದರೆ ಎಲ್ಲರೂ ಅಲ್ಲೇ ನಿಂತು ಫೋಟೊಕ್ಕೆ ಸಾಲು ಹಚ್ಚುತ್ತಾರೆ.

ಮಾರ್ಚಿಯಿಂದ ಮೇವರೆಗೆ ಈ ಸರದಿಯಲ್ಲಿ ಒಂದು ಕಷ್ಟ ಇದ್ದೇ ಇದೆ: ಲಕ್ಕುಂಡಿ, ಡಂಬಳ ಎರಡೂ ಬಿಸಿಲಲ್ಲಿ. ಚಪ್ಪಲಿ ಬಿಟ್ಟು ಕಾದ ಕಲ್ಲಿನ ಮೇಲೆ ನಡೆಯುವವರಿಗೆ ದಪ್ಪ ಹತ್ತಿಯ ಸಾಕ್ಸ್ ತರಲು ಹೇಳಿ. ನೀರು ತಲೆಗೆ ಎರಡು ಲೀಟರ್. ಬಾಟಲಿ ಕೊಳ್ಳುವ ಬದಲು ಹತ್ತು ಜನಕ್ಕೊಂದು ಇಪ್ಪತ್ತು ಲೀಟರಿನ ಕ್ಯಾನ್ ಗಾಡಿಯಲ್ಲಿರಲಿ. ಮಳೆಗಾಲದಲ್ಲಿ ತೊಂದರೆ ಬೇರೆ. ಇದೆಲ್ಲ ಎರಿ ಭೂಮಿ, ಅಂದರೆ ಜಿಗುಟಾದ ಕಪ್ಪು ಮಣ್ಣು. ನೆರಳಿದೆಯೆಂದು ಡ್ರೈವರ್ ಡಾಂಬರು ಬಿಟ್ಟು ಗಾಡಿಯನ್ನು ಹೊಲದ ಬದಿಗೆ ಇಳಿಸಿದರೆ ಗಾಲಿ ಹೂತು, ತಳ್ಳಲು ಇಡೀ ತಂಡ ಇಳಿಯಬೇಕು. ಶೌಚಕ್ಕೆ ಗದಗದಲ್ಲಿ, ಊಟದ ಜಾಗದಲ್ಲಿ ಎಲ್ಲರೂ ಹೋಗಿಬರಲಿ. ನಡುವೆ ಸಿಗುತ್ತದೆ ಎಂದು ನಂಬಿ ಕೂರುವಂತಿಲ್ಲ. ತಲೆ ಎಣಿಸುವುದು ಬಿಟ್ಟು ಜೋಡಿ ಮಾಡಿ; ಪ್ರತಿ ಸಲ ಗಾಡಿ ಹತ್ತಿದಾಗ ನಿಮ್ಮ ಜೋಡಿ ಬಂದರೇ ಎಂದು ಒಂದೇ ಮಾತು ಕೇಳಿದರೆ ಸಾಕು.

ಡಂಬಳದಿಂದ ನಾಲ್ಕಕ್ಕೆ ಹೊರಟರೆ ಐದೂಕಾಲಿಗೆ ಅಣ್ಣಿಗೇರಿ, ಅಮೃತೇಶ್ವರದ ಎಪ್ಪತ್ತಾರು ಕಂಬಗಳ ನಡುವೆ ಅರ್ಧ ತಾಸು, ಏಳರೊಳಗೆ ಹುಬ್ಬಳ್ಳಿ. ನಿಮ್ಮ ರೈಲು ಎಂಟಕ್ಕಿಂತ ಮೊದಲಿದ್ದರೆ ಅಣ್ಣಿಗೇರಿ ಬಿಡಿ; ಆರೂವರೆಗಿಂತ ಮೊದಲಿದ್ದರೆ ಡಂಬಳವನ್ನೂ ಬಿಡಿ. ಈ ತೀರ್ಮಾನವನ್ನು ಬೆಳಿಗ್ಗೆ ಗಾಡಿಯಲ್ಲೇ ಎಲ್ಲರಿಗೂ ತಿಳಿಸಿರಬೇಕು. ಸಂಜೆ ದಣಿದ ಜನರ ಮುಂದೆ ಹೇಳಿದರೆ ಅದು ಜಗಳಕ್ಕೆ ಕರೆ.

ಹುಬ್ಬಳ್ಳಿ ಮುಟ್ಟಿದೆವು, ಇನ್ನೇನು ಎಂದು ಕೈಚೆಲ್ಲುವುದು ಕೊನೆಯ ತಪ್ಪು. ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ 1507 ಮೀಟರ್. ಒಂದು ತುದಿಯಿಂದ ಇನ್ನೊಂದಕ್ಕೆ ಚೀಲ ಹೊತ್ತ ಹಿರಿಯರಿಗೆ ಇಪ್ಪತ್ತೈದು ನಿಮಿಷದ ನಡಿಗೆ. ಗದಗ ರಸ್ತೆಯ ಕಡೆಯೂ ನಿಲ್ದಾಣಕ್ಕೆ ಬಾಗಿಲಿದೆ. ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಅಣ್ಣಿಗೇರಿ ದಾಟುತ್ತಲೇ ಫೋನಿನಲ್ಲಿ ನೋಡಿ, ಯಾವ ಬಾಗಿಲಿಗೆ ಗಾಡಿ ಹಚ್ಚಬೇಕೆಂದು ಡ್ರೈವರಿಗೆ ಹೇಳಿ. ಒಳಗೆ ಹೋದಮೇಲೆ ಬೋಗಿ ನಿಲ್ಲುವ ಜಾಗದ ಫಲಕ ಹುಡುಕಿ, ತಂಡವನ್ನು ಅದರ ಕೆಳಗೇ ಕೂರಿಸಿ. ಚಹಾ ಕುಡಿಯಲು ಹೋಗುವವರು ಜೋಡಿಯಾಗಿಯೇ ಹೋಗಲಿ.