ಎರಡು ಕಾರ್ಡ್, ಎರಡು ಫೈಬರ್: ನಮ್ಮ ಸರ್ವರ್ ಜೋಡಿಸಿದ್ದು ಹೀಗೆ

ಆಫೀಸಿನ ಲಿನಕ್ಸ್ ಫೈಲ್ ಸರ್ವರ್‌ಗೆ 10 ಗಿಗಾಬಿಟ್ ಫೈಬರ್ ಕೊಡಬೇಕಿತ್ತು. ಒಂದು ದಾರಿ ಕೈಕೊಟ್ಟರೂ ಕೆಲಸ ನಿಲ್ಲಬಾರದು. ಎರಡು ಪೋರ್ಟ್ ಇರುವ ಒಂದೇ ನೆಟ್‌ವರ್ಕ್ ಕಾರ್ಡ್ ಅಗ್ಗ, ನಿಜ. ಆದರೆ ಕಾರ್ಡೇ ಹಾಳಾದರೆ ಎರಡೂ ಪೋರ್ಟ್ ಒಟ್ಟಿಗೇ ಹೋಗುತ್ತವೆ ಅಲ್ವಾ? ಅದಕ್ಕೆ ಎರಡು ಬೇರೆ ಕಾರ್ಡ್ ಹಾಕಿದೆ. ಒಂದರ ಕೇಬಲ್ ಒಂದು ನೆಟ್‌ವರ್ಕ್ ಸ್ವಿಚ್ಚಿಗೆ, ಇನ್ನೊಂದರದ್ದು ಇನ್ನೊಂದಕ್ಕೆ.

ಕೇಬಲ್ ಓಎಂ3 ಎಂಬ ಬಗೆಯ ಮಲ್ಟಿಮೋಡ್ ಫೈಬರ್. ಅದಕ್ಕೆ ಬೆಳಕು ಬಿಡುವ, ಕಾರ್ಡಿಗೆ ಸಿಕ್ಕಿಸುವ ಮಾಡ್ಯೂಲ್ 850 ನ್ಯಾನೋಮೀಟರಿನ ಎಸ್‌ಆರ್, ಅಂದರೆ ಕಡಿಮೆ ದೂರದ್ದು. ಈ ಜೋಡಿ 300 ಮೀಟರ್‌ವರೆಗೆ ಸಾಕು. ಕೇಬಲ್ ತುದಿಯ ಮುಚ್ಚಳ ತೆಗೆದ ಮೇಲೆ ಅದನ್ನು ಒರೆಸುವ ಕ್ಲೀನರ್ ಪೆನ್ ಒತ್ತದೆ ನಾನು ಕೇಬಲ್ ಸಿಕ್ಕಿಸುವುದಿಲ್ಲ. ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಆ ಲೇಸರ್ ಬೆಳಕು ಕಾಣುವುದೇ ಇಲ್ಲ. ಲಿಂಕ್ ಬರದಿದ್ದರೆ ಮೊದಲು ಎಲ್‌ಸಿ ಕನೆಕ್ಟರಿನ (ಕೇಬಲ್ ತುದಿಯ ಚಿಕ್ಕ ಜೋಡಿ ಪ್ಲಗ್) ಎರಡು ಎಳೆಗಳನ್ನು ಅದಲು ಬದಲು ಮಾಡಿ. ಒಂದು ಕಳಿಸಲು, ಇನ್ನೊಂದು ಪಡೆಯಲು.

ಎರಡು ಕಾರ್ಡನ್ನೂ ಒಂದೇ ಎಂಬಂತೆ ಬಳಸುವ ಲಿನಕ್ಸ್‌ನ ಬಾಂಡಿಂಗ್‌ನಲ್ಲಿ ಸೇರಿಸಿ, ಒಂದು ಕೆಲಸ ಮಾಡುವಾಗ ಇನ್ನೊಂದು ಕಾದಿರುವ ಆಕ್ಟಿವ್-ಬ್ಯಾಕಪ್ ಇಟ್ಟೆ. ಎರಡೂ ಲಿಂಕನ್ನು ಒಟ್ಟಿಗೆ ಬಳಸುವ ಎಲ್‌ಎಸಿಪಿಯಲ್ಲಿ ವೇಗ ಜಾಸ್ತಿ ಸಿಗಬಹುದು. ಆದರೆ ಎರಡು ಸ್ವಿಚ್ಚಿನ ಮೇಲೆ ಅದನ್ನು ಹರಡಲು ಸ್ವಿಚ್ಚುಗಳೂ ತಮ್ಮೊಳಗೆ ಒಂದಾಗಿರಬೇಕು. ನಮ್ಮವು ಹಾಗಿರಲಿಲ್ಲ. ಆಕ್ಟಿವ್-ಬ್ಯಾಕಪ್‌ಗೆ ಸ್ವಿಚ್ ಕಡೆ ಏನೂ ಮಾಡಬೇಕಿಲ್ಲ.

ಇನ್ನು ಅಸಲಿ ವಿಷಯ. ಎಷ್ಟೋ ಜನ ಲಿಂಕ್ ಇದೆಯೇ ಎಂದು ಆಗಾಗ ನೋಡುವ ಮಿಮಾನ್ (miimon) ಸೆಟ್ಟಿಂಗನ್ನು 100 ಮಿಲಿಸೆಕೆಂಡ್ ಎಂದು ಬರೆದು ಸುಮ್ನೆ ಬಿಡುತ್ತಾರೆ. ಅದು ನೋಡುವುದು ಸರ್ವರ್ ಮತ್ತು ಸ್ವಿಚ್ ನಡುವಿನ ಲಿಂಕ್ ಮಾತ್ರ. ಸ್ವಿಚ್ಚಿನಿಂದ ಆಚೆ ಹೋಗುವ ಅಪ್‌ಲಿಂಕ್ ಸತ್ತರೆ ಸರ್ವರ್‌ಗೆ ಗೊತ್ತೇ ಆಗುವುದಿಲ್ಲ. ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಫೈಲ್ ಮಾತ್ರ ತೆರೆಯುವುದಿಲ್ಲ. ಅದಕ್ಕೆ ಮಿಮಾನ್ ತೆಗೆದು ಎಆರ್‌ಪಿ ಮಾನಿಟರ್ ಹಾಕಿದೆ. ಇದು ಕೊಟ್ಟ ವಿಳಾಸಕ್ಕೆ ಆಗಾಗ ಪ್ರಶ್ನೆ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುತ್ತದೆ. ಮಿಮಾನ್, ಎಆರ್‌ಪಿ ಮಾನಿಟರ್ ಎರಡನ್ನೂ ಒಟ್ಟಿಗೆ ಬಳಸುವ ಹಾಗಿಲ್ಲ. ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ದಾರಿ ಕೊಡುವ ರೂಟರ್) ಜೊತೆಗೆ ಇನ್ನೊಂದು ಸರ್ವರಿನ ವಿಳಾಸವನ್ನೂ ಗುರಿಯಾಗಿ ಕೊಟ್ಟೆ. ಇಲ್ಲದಿದ್ದರೆ ಗೇಟ್‌ವೇ ರೀಬೂಟ್ ಆದಾಗೆಲ್ಲ ಎರಡೂ ದಾರಿ ಸತ್ತಂತೆ ಲೆಕ್ಕ.

ಪರೀಕ್ಷೆಗೆ ಪಿಂಗ್ ಬಿಟ್ಟು, ದೊಡ್ಡದೊಂದು ಫೈಲ್ ಕಾಪಿ ಹಾಕಿ, ಮೊದಲು ಕೇಬಲ್ ಎಳೆದೆ. ಆಮೇಲೆ ಸ್ವಿಚ್ಚಿನ ಅಪ್‌ಲಿಂಕ್ ಎಳೆದೆ. ಎರಡೂ ಸಲ ಕಾಪಿ ಒಂದು ಗಳಿಗೆ ತಡವರಿಸಿ ಮುಂದೆ ಹೋಯಿತು. ಹಳೆಯ ದಾರಿ ಸರಿಯಾದ ಕೂಡಲೇ ಟ್ರಾಫಿಕ್ ಮತ್ತೆ ಅಲ್ಲಿಗೆ ಹಾರುವುದು ನನಗಿಷ್ಟವಿಲ್ಲ. ಅದಕ್ಕೆ ಮುಖ್ಯ ದಾರಿಗೆ ಯಾವಾಗ ಮರಳಬೇಕೆಂದು ಹೇಳುವ ಪ್ರೈಮರಿ ರೀಸೆಲೆಕ್ಟ್ ಸೆಟ್ಟಿಂಗನ್ನು ಫೆಯಿಲ್ಯೂರ್ ಎಂದು ಇಟ್ಟಿದ್ದೇನೆ. ಈಗಿನದು ಬಿದ್ದರೆ ಮಾತ್ರ ಬದಲಾಗುತ್ತದೆ.