ಇವತ್ತು ಎಷ್ಟನೇ ತಾರೀಖು?

ದೇವರ ಮುಂದೆ ದಿನಾ ಕೂರುವುದು ಹೇಗೆ ಅಭ್ಯಾಸವಾಯಿತು ಎಂದು ಸಭೆಯ ಹುಡುಗರು ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಇವತ್ತು ಎಷ್ಟನೇ ತಾರೀಖು? ಅವರು ನಗುತ್ತಾರೆ. ಆದರೆ ನಾನು ತಮಾಷೆ ಮಾಡುತ್ತಿಲ್ಲ. ನನ್ನ ಪ್ರಾರ್ಥನೆ ನಡೆಯುವುದೇ ಕ್ಯಾಲೆಂಡರ್ ನೋಡಿಕೊಂಡು.

ಸತ್ಯವೇದದಲ್ಲಿ, ಅಂದರೆ ಬೈಬಲ್‌ನಲ್ಲಿ, ಕೀರ್ತನೆಗಳು ಒಟ್ಟು 150. ತಿಂಗಳಿಗೆ 30 ದಿನ ಅಂದುಕೊಂಡರೆ ದಿನಕ್ಕೆ ಐದು. ಆದರೆ ಸಾಲಾಗಿ ಐದೈದು ಓದುವುದಿಲ್ಲ. ಅವತ್ತಿನ ತಾರೀಖು ಯಾವುದೋ ಆ ಕೀರ್ತನೆ ಮೊದಲು. ಆಮೇಲೆ ಅದಕ್ಕೆ ಮೂವತ್ತು ಮೂವತ್ತು ಕೂಡಿಸುತ್ತಾ ಹೋಗುವುದು. 7ನೇ ತಾರೀಖು ಅಂದರೆ 7, 37, 67, 97, 127. 13 ಅಂದರೆ 13, 43, 73, 103, 133. ಒಂದು ತೊಡಕಿದೆ. 29ನೇ ತಾರೀಖಿಗೆ 119 ಬರುತ್ತದೆ, ಅದರಲ್ಲಿ 176 ವಚನ. ಹಾಗಾಗಿ ಅದನ್ನು 31ಕ್ಕೆ ಎತ್ತಿಡುತ್ತೇನೆ. 31 ಇಲ್ಲದ ತಿಂಗಳಲ್ಲಿ ಅದು ಇಲ್ಲ, ಅಷ್ಟೇ. ಫೆಬ್ರವರಿಯಲ್ಲಂತೂ ಮೋಶೆಯ 90ನೇ ಕೀರ್ತನೆಯೂ ತಪ್ಪಿಹೋಗುತ್ತದೆ, ಕೊನೆಯ 150ನೆಯದೂ ತಪ್ಪಿಹೋಗುತ್ತದೆ. ಮಾರ್ಚ್‌ನಲ್ಲಿ ಸಿಗುತ್ತವೆ ಬಿಡಿ.

ಇದೇನೂ ನಾನು ಕಂಡುಹಿಡಿದದ್ದಲ್ಲ, ಬಹಳ ಜನ ಹೀಗೆ ಓದುತ್ತಾರೆ. ಆಂಗ್ಲಿಕನ್ ಸಭೆಯ ಪ್ರಾರ್ಥನಾ ಪುಸ್ತಕದಲ್ಲಿ ಬೆಳಿಗ್ಗೆಗಿಷ್ಟು ಸಂಜೆಗಿಷ್ಟು ಎಂದು ತಿಂಗಳಿಗೆ ಹಂಚಿಟ್ಟಿದ್ದಾರೆ. ಆರನೇ ಶತಮಾನದಲ್ಲಿ ಬೆನೆಡಿಕ್ಟ್ ತನ್ನ ಮಠದವರಿಗೆ ನಿಯಮ ಬರೆದಾಗ 150ನ್ನೂ ವಾರದಲ್ಲಿ ಮುಗಿಸಬೇಕು ಎಂದ. ನಮ್ಮ ಹಿರಿಯರು ಒಂದೇ ದಿನದಲ್ಲಿ ಮಾಡುತ್ತಿದ್ದದ್ದನ್ನು ಉಗುರುಬೆಚ್ಚಗಿನ ಭಕ್ತಿಯ ನಾವು ವಾರದಲ್ಲಾದರೂ ಮಾಡೋಣ ಎಂದು ಒಂದು ಚುಚ್ಚುಮಾತೂ ಸೇರಿಸಿದ್ದಾನೆ. ತಿಂಗಳು ತೆಗೆದುಕೊಳ್ಳುವ ನನ್ನಂಥವರಿಗೆ ಅವನು ಏನನ್ನುತ್ತಿದ್ದನೋ!

ತಾರೀಖನ್ನು ಹಿಡಿದುಕೊಂಡದ್ದಕ್ಕೆ ಕಾರಣ ಇದೆ. ಭಕ್ತಿಯ ಅಭ್ಯಾಸಗಳು ನಿಂತುಹೋಗುವುದು ಸೋಮಾರಿತನದಿಂದ ಎಂದು ಎಲ್ಲರೂ ಹೇಳುತ್ತಾರೆ. ನಾನು ಕಂಡಂತೆ ಜಾಸ್ತಿ ಜನ ನಿಲ್ಲಿಸುವುದು ಬಾಕಿಯಿಂದ. ಜನವರಿ 1ಕ್ಕೆ ಸತ್ಯವೇದದ ಮೊದಲ ಪುಸ್ತಕ ಆದಿಕಾಂಡ ಶುರುಮಾಡುತ್ತಾರೆ. ಮನೆಯಲ್ಲಿ ಯಾರಿಗೋ ಜ್ವರ ಬರುತ್ತದೆ, ನಾಲ್ಕು ದಿನ ತಪ್ಪುತ್ತದೆ. ಐದನೇ ದಿನ ಕೂತರೆ ಮುಂದೆ ಹದಿನೈದು ಅಧ್ಯಾಯದ ಬಾಕಿ. ಅದನ್ನು ತೀರಿಸಲು ಓಡಿ ಓಡಿ ಓದುತ್ತಾರೆ, ಇನ್ನೂ ಹಿಂದೆ ಬೀಳುತ್ತಾರೆ, ಮೂರನೇ ಪುಸ್ತಕ ಯಾಜಕಕಾಂಡ ಬರುವಷ್ಟರಲ್ಲಿ ಪುಸ್ತಕ ಮುಚ್ಚುತ್ತಾರೆ. ಆಮೇಲೆ ದೇವರ ಮುಖ ನೋಡುವುದಕ್ಕೇ ಸಂಕೋಚ, ಸಾಲ ಕೊಟ್ಟವನ ಎದುರಿಗೆ ಹೋಗಲು ಹಿಂಜರಿದಂತೆ. ತಾರೀಖಿನ ಓದಿನಲ್ಲಿ ಬಾಕಿ ಎನ್ನುವುದೇ ಇಲ್ಲ. ನಿನ್ನೆ ತಪ್ಪಿತಾ? ತಪ್ಪಿತು. ಇವತ್ತು 19, ಹಾಗಾದರೆ 19, 49, 79, 109, 139. ನಿನ್ನೆಯದು ಮುಂದಿನ ತಿಂಗಳು ತಾನಾಗಿಯೇ ಬರುತ್ತದೆ.

ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನ ಎಂಬ ಆಹಾರ ಕೊಟ್ಟಾಗಲೂ ದೇವರು ಇಟ್ಟ ನಿಯಮ ಇದೇ ಅಲ್ವಾ? ಆಯಾ ದಿನದ್ದನ್ನು ಆಯಾ ದಿನ ಕೂಡಿಸಿಕೊಳ್ಳಬೇಕು. ಮಾರನೇ ದಿನಕ್ಕೆ ಇಟ್ಟರೆ ಹುಳ ಬಿತ್ತು. ವಿಶ್ರಾಂತಿಯ ದಿನವಾದ ಸಬ್ಬತ್ತಿಗೆ ಮುಂಚಿನ ದಿನ ಮಾತ್ರ ಎರಡರಷ್ಟು.

ವರ್ಷದ ಓದಿನ ಪಟ್ಟಿಗಳನ್ನು ನಾನು ಹೀಗಳೆಯುವುದಿಲ್ಲ. ಸ್ಕಾಟ್ಲೆಂಡಿನ ಡಂಡೀಯಲ್ಲಿ ಪಾಸ್ಟರ್ ಆಗಿದ್ದ ರಾಬರ್ಟ್ ಮರ್ರೆ ಮೆಕ್‌ಶೇನ್ ತನ್ನ ಸಭೆಗೆ 1842ರಲ್ಲಿ ಮಾಡಿಕೊಟ್ಟ ಪಟ್ಟಿ ಇವತ್ತಿಗೂ ನಡೆಯುತ್ತಿದೆ. ವರ್ಷಕ್ಕೆ ಹಳೆ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಅವನು ಮರುವರ್ಷವೇ 29ರ ವಯಸ್ಸಿನಲ್ಲಿ ತೀರಿಕೊಂಡ. ಪಟ್ಟಿಯ ಜೊತೆಗೇ ಅದರ ಅಪಾಯಗಳನ್ನೂ ಅವನು ಬರೆದಿಟ್ಟಿದ್ದ ಎನ್ನುವುದು ನನಗೆ ತುಂಬಾ ಹಿಡಿಸಿತು: ಬರೀ ಶಾಸ್ತ್ರಕ್ಕೆ ಓದುವುದು, ಓದಿದೆ ಎಂಬ ಜಂಭ, ಗಮನವಿಲ್ಲದ ಓದು, ಹೊರಲಾರದ ನೊಗ. ಹೊಸದಾಗಿ ನಂಬಿದವರಿಗೆ ನಾನು ಆ ಪಟ್ಟಿ ಕೊಡುವುದಿಲ್ಲ. ಕೀರ್ತನೆಗಳ ಜೊತೆ ಯೇಸುವಿನ ಜೀವನ ಹೇಳುವ ಒಂದು ಸುವಾರ್ತೆ, ದಿನಕ್ಕೆ ಅರ್ಧ ಅಧ್ಯಾಯ. ಮಾರ್ಕನಲ್ಲಿ 16 ಅಧ್ಯಾಯ, ತಿಂಗಳು ಚಿಲ್ಲರೆ ದಿನದಲ್ಲಿ ಮುಗಿಯುತ್ತದೆ. ಮುಗಿದರೆ ಮತ್ತೆ ಮೊದಲಿನಿಂದ.

ತಾರೀಖಿನಿಂದ ಇನ್ನೊಂದು ಉಪಕಾರವಾಯಿತು. ಓದಬೇಕಾದದ್ದನ್ನು ನನ್ನ ಮನಸ್ಸು ಆರಿಸುವುದಿಲ್ಲ. ನಮಗೇ ಬಿಟ್ಟರೆ ಏನು ಮಾಡುತ್ತೇವೆ? 23, 91, 121. ಹಿತವಾದವನ್ನೇ ಮತ್ತೆ ಮತ್ತೆ. 28ನೇ ತಾರೀಖು ಬಂದಾಗ ಹಾಗೆ ಮಾಡುವಂತಿಲ್ಲ. ಅವತ್ತಿನ ಸಾಲು 28, 58, 88, 118, 148. 58ರಲ್ಲಿ ದುಷ್ಟರ ಹಲ್ಲು ಮುರಿದುಬಿಡು ಎಂಬ ಪ್ರಾರ್ಥನೆ ಇದೆ. ಅದರ ಹಿಂದೆಯೇ 88. ಇಡೀ ಸತ್ಯವೇದದಲ್ಲಿ ಇದಕ್ಕಿಂತ ಕತ್ತಲೆಯ ಪ್ರಾರ್ಥನೆ ಕಡಿಮೆ. ಬೇರೆ ಗೋಳಿನ ಕೀರ್ತನೆಗಳು ಕೊನೆಗಾದರೂ ಒಂದು ಸ್ತುತಿಗೆ ತಿರುಗುತ್ತವೆ, 13ನೆಯದನ್ನೇ ನೋಡಿ. ಎಷ್ಟರ ತನಕ ಕರ್ತನೇ ಎಂದು ಶುರುವಾಗಿ ಹಾಡಿನಲ್ಲಿ ಮುಗಿಯುತ್ತದೆ. 88 ತಿರುಗುವುದಿಲ್ಲ. ಸ್ನೇಹಿತರೆಲ್ಲ ದೂರವಾದರು, ಕತ್ತಲೆ, ಮುಗಿಯಿತು.

ಅದರೊಳಗೆ ಏನಿದೆ ಎಂದು ನಿಧಾನಕ್ಕೆ ನೋಡಿ. ಮೊದಲ ವಚನದಲ್ಲೇ ಹಗಲೂ ರಾತ್ರಿಯೂ ಮೊರೆಯಿಡುತ್ತೇನೆ ಎನ್ನುತ್ತಾನೆ. 9ನೇ ವಚನದಲ್ಲಿ, ದಿನಾಲೂ ನಿನಗೆ ಕೈ ಚಾಚಿದ್ದೇನೆ. 13ರಲ್ಲಿ, ಬೆಳಿಗ್ಗೆ ನನ್ನ ಪ್ರಾರ್ಥನೆ ನಿನ್ನ ಮುಂದೆ ಬರುತ್ತದೆ. ದೇವರು ಮುಖ ಮರೆಸಿಕೊಂಡಿದ್ದಾನೆ ಎಂದು ಹೇಳುವವನು ಆ ಮಾತನ್ನು ದೇವರಿಗೇ ಹೇಳುತ್ತಿದ್ದಾನೆ, ಅದೂ ದಿನಾಲೂ, ಅದೂ ಬೆಳಿಗ್ಗೆ. ಅವನಿಗೆ ಉತ್ತರ ಬಂತೋ ಇಲ್ಲವೋ ಕೀರ್ತನೆ ಹೇಳುವುದಿಲ್ಲ. ಅವನು ಬರುವುದನ್ನು ನಿಲ್ಲಿಸಲಿಲ್ಲ, ಅಷ್ಟು ಗೊತ್ತು. ನಂಬಿಗಸ್ತಿಕೆಯ ಬಗ್ಗೆ ನಾನು ಕೇಳಿದ ಎಷ್ಟೋ ಪ್ರಸಂಗಗಳಿಗಿಂತ ಈ ಮೂರು ವಚನ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿವೆ.

ಪ್ರಾರ್ಥನೆಯಲ್ಲಿ ಏನೂ ಅನ್ನಿಸದ ಕಾಲ ನನಗೂ ಬಂದಿತ್ತು, ಅದು ಒಂದೆರಡು ವಾರದ್ದಲ್ಲ. ಕಣ್ಣು ಮುಚ್ಚಿದರೆ ಬರೀ ಕೆಲಸದ ಯೋಚನೆ. ಹಾಡಿದರೆ ಗಂಟಲು ಮಾತ್ರ ಹಾಡುತ್ತಿತ್ತು. ಆಗ ನಾನು ಮಾಡಿದ್ದು ಇಷ್ಟೇ. ಸ್ವಂತ ಮಾತಿನ ಪ್ರಾರ್ಥನೆಯನ್ನು ಕಡಿಮೆ ಮಾಡಿದೆ, ಕೀರ್ತನೆಯನ್ನು ಬಾಯಿಬಿಟ್ಟು ಓದಿದೆ. ಮನಸ್ಸಿನಲ್ಲೇ ಓದಿದರೆ ಕಣ್ಣು ಜಾರಿಹೋಗುತ್ತದೆ. ಗಟ್ಟಿಯಾಗಿ ಓದುವಾಗ ಪ್ರತಿ ಪದವನ್ನೂ ಉಚ್ಚರಿಸಲೇಬೇಕು. ಇನ್ನೊಬ್ಬರ ಮಾತಿನಲ್ಲಿ ಪ್ರಾರ್ಥಿಸುವುದು ಕಪಟ ಅಲ್ವಾ ಎಂದು ಕೆಲವರು ಕೇಳುತ್ತಾರೆ. ಯೇಸು ಶಿಲುಬೆಯ ಮೇಲೆ ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು. ಕೊನೆಯುಸಿರಿಗೆ ಮುಂಚೆ ತನ್ನ ಆತ್ಮವನ್ನು ತಂದೆಯ ಕೈಗೆ ಒಪ್ಪಿಸಿದ ಮಾತು 31ನೆಯದರಲ್ಲಿದೆ. ಆತನಿಗೆ ಸಾಕಾದದ್ದು ನನಗೆ ಸಾಲದೇ?

ಇನ್ನೊಂದು ವಿಷಯವೂ ಆ ದಿನಗಳಲ್ಲೇ ಶುರುವಾಯಿತು. ಓದುತ್ತಿರುವ ವಚನ ನನ್ನ ಸ್ಥಿತಿಗೆ ಹೊಂದದಿದ್ದರೆ ಯಾರ ಸ್ಥಿತಿಗೆ ಹೊಂದುತ್ತದೆ ಎಂದು ಯೋಚಿಸಿ, ಅವರಿಗಾಗಿ ಅದನ್ನು ಪ್ರಾರ್ಥಿಸುವುದು. ಪೆನ್ಸಿಲ್‌ನಿಂದ ಅಂಚಿನಲ್ಲಿ ಅವರ ಹೆಸರಿನ ಮೊದಲಕ್ಷರ ಬರೆಯುತ್ತೇನೆ. ನನ್ನ ಸತ್ಯವೇದದಲ್ಲಿ 121ರ ಪಕ್ಕ ಜಾಗವೇ ಉಳಿದಿಲ್ಲ, ಊರು ಬಿಟ್ಟು ಹೋದವರೆಲ್ಲ ಅಲ್ಲಿದ್ದಾರೆ. 73ರ ಪಕ್ಕ, ಕೆಟ್ಟವರು ಚೆನ್ನಾಗಿ ಬಾಳುವುದನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುವ ಆ ಕೀರ್ತನೆಯ ಪಕ್ಕ, ನನ್ನದೇ ಅಕ್ಷರ ಇದೆ. ಹಲ್ಲು ಮುರಿಯುವ 58ರ ಪಕ್ಕ ಯಾರ ಹೆಸರನ್ನೂ ಬರೆದಿಲ್ಲ. ಬರೆಯಬೇಕು ಅನ್ನಿಸಿದ್ದು ನಿಜ. ತಿಂಗಳಿಗೊಮ್ಮೆ ಆ ಪುಟ ತಿರುಗಿ ಬಂದಾಗ ಆ ಮನುಷ್ಯನಿಗೆ ನಾನೇನು ಬಯಸುತ್ತಿದ್ದೇನೆ ಎಂದು ದೇವರ ಮುಂದೆ ಬಾಯಿಬಿಟ್ಟು ಹೇಳಬೇಕಾಗುತ್ತದಲ್ಲ, ಅದೇ ನನ್ನನ್ನು ತಡೆಯಿತು.

ಸ್ಥಿರತೆ ಎಂದ ಕೂಡಲೇ ನಮ್ಮ ಕೂಟಗಳಲ್ಲಿ ದಾನಿಯೇಲನ ಹೆಸರು ಬರುತ್ತದೆ. ಅವನನ್ನು ಹಾಕಿದ ಸಿಂಹದ ಗುಹೆಯ ಬಗ್ಗೆ ಜಾಸ್ತಿ ಹೇಳುತ್ತಾರೆ. ನನಗೆ ಅದಕ್ಕಿಂತ ಅವನ ಪುಸ್ತಕದ 6ನೇ ಅಧ್ಯಾಯದ 10ನೇ ವಚನ ಮುಖ್ಯ. ರಾಜನನ್ನು ಬಿಟ್ಟು ಬೇರೆ ಯಾರಿಗೂ ಪ್ರಾರ್ಥಿಸಬಾರದು ಎಂಬ ಆಜ್ಞೆ ಇದ್ದದ್ದು ಬರೀ 30 ದಿನಕ್ಕೆ. ಒಂದು ತಿಂಗಳು ಮನಸ್ಸಿನಲ್ಲೇ ಪ್ರಾರ್ಥಿಸಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಮನೆಗೆ ಹೋಗಿ, ಯೆರೂಸಲೇಮಿನ ಕಡೆಗೆ ತೆರೆದಿದ್ದ ಕಿಟಕಿಯ ಬಳಿ, ಮುಂಚೆ ಮಾಡುತ್ತಿದ್ದ ಹಾಗೆಯೇ ದಿನಕ್ಕೆ ಮೂರು ಸಲ ಮೊಣಕಾಲೂರಿದ. ಮುಂಚೆ ಮಾಡುತ್ತಿದ್ದ ಹಾಗೆಯೇ! ಆಜ್ಞೆಗೆ ಸೆಡ್ಡು ಹೊಡೆಯಲು ನಾಲ್ಕನೇ ಸಲ ಸೇರಿಸಲಿಲ್ಲ, ಹೆದರಿ ಎರಡಕ್ಕೆ ಇಳಿಸಲೂ ಇಲ್ಲ. ಅವನನ್ನು ಹಿಡಿಯಬೇಕೆಂದಿದ್ದವರಿಗೂ ಎಷ್ಟು ಹೊತ್ತಿಗೆ ಎಲ್ಲಿ ಸಿಗುತ್ತಾನೆ ಎಂದು ಗೊತ್ತಿತ್ತು.

ಇದರಿಂದಲೇ ನಾನು ಜಾಗವನ್ನೂ ಗೊತ್ತುಮಾಡಿಕೊಂಡೆ. ಅದೇ ಕುರ್ಚಿ, ಅದೇ ಹೊತ್ತು. ಎಲ್ಲಿ ಕೂರಲಿ, ಈಗಲೋ ಆಮೇಲೋ ಎಂದು ನಿರ್ಧಾರ ಮಾಡಬೇಕಾದಲ್ಲೆಲ್ಲ ಕೈಬಿಡಲು ಒಂದು ಬಾಗಿಲು ಇರುತ್ತದೆ. ಫೋನ್ ಇನ್ನೊಂದು ಕೋಣೆಯಲ್ಲಿ. ಆ್ಯಪ್‌ನಲ್ಲಿ ಓದುವವರನ್ನು ಬೇಡ ಎನ್ನುವುದಿಲ್ಲ, ನನಗೆ ಮಾತ್ರ ಅದು ಆಗುವುದಿಲ್ಲ. 37ನೇ ಕೀರ್ತನೆಯ ಮಧ್ಯದಲ್ಲಿ ಒಂದು ಮೆಸೇಜ್ ಬಂದರೆ ದುಷ್ಟರ ಗತಿ ಏನಾಯಿತು ಎಂದು ತಿಳಿಯುವುದೇ ಇಲ್ಲ.

ಮೈಯಲ್ಲಿ ಶಕ್ತಿ ಇಲ್ಲದ ದಿನ ಒಂದೇ ಒಂದು ಕೀರ್ತನೆ ಓದಿ ಮಲಗುತ್ತೇನೆ. 27ನೇ ತಾರೀಖಾದರೆ ಅದೃಷ್ಟ, ಅವತ್ತು 117 ಇದೆ, ಎರಡೇ ವಚನ. ಇದರಲ್ಲಿ ನನಗೆ ಅಳುಕಿಲ್ಲ. ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಎಂದು ಗಿಡದ ಕೆಳಗೆ ಬಿದ್ದುಕೊಂಡ ಪ್ರವಾದಿ ಎಲೀಯನಿಗೆ ದೇವರು ಮೊದಲು ಬೋಧನೆ ಮಾಡಲಿಲ್ಲ. ನಿದ್ದೆ, ರೊಟ್ಟಿ, ನೀರು. ಮತ್ತೆ ನಿದ್ದೆ, ಮತ್ತೆ ಊಟ. ಮಾತುಕತೆ ಹೋರೇಬ್ ಬೆಟ್ಟದಲ್ಲಿ.

ಕುರ್ಚಿಯಲ್ಲಿ ಕೂತದ್ದು ನಿಜವೋ ಅಲ್ಲವೋ ಎಂದು ಗೊತ್ತಾಗುವುದು ಮಾತ್ರ ಎದ್ದ ಮೇಲೆ. ಎಫ್ರಾಯೀಮಿನ, ಅಂದರೆ ಇಸ್ರಾಯೇಲ್ ಜನರ, ಪ್ರೀತಿ ಬೆಳಗಿನ ಮೋಡದ ಹಾಗೆ, ಬೇಗ ಹೋಗಿಬಿಡುವ ಮಂಜಿನ ಹಾಗೆ ಎಂದು ಪ್ರವಾದಿ ಹೋಶೇಯನ ಪುಸ್ತಕದ 6ನೇ ಅಧ್ಯಾಯದಲ್ಲಿ ದೇವರೇ ನೊಂದು ಹೇಳುತ್ತಾನೆ. ನನ್ನ ಪ್ರೀತಿ ಹಾಗೆ ಹೋಗಿಬಿಡದಿರಲಿ ಎಂದು ನಾನು ಎರಡು ಗೂಟ ಹೊಡೆದುಕೊಂಡಿದ್ದೇನೆ. ಒಂದು, ಹಣ. ವಾರದ ಮೊದಲ ದಿನ ಪ್ರತಿಯೊಬ್ಬರೂ ತಮಗೆ ಬಂದದ್ದರಲ್ಲಿ ಒಂದಿಷ್ಟು ತೆಗೆದಿಡಿ ಎಂದು ಪೌಲ ಕೊರಿಂಥದವರಿಗೆ ಬರೆದ, ತಾನು ಬಂದಾಗ ಗಡಿಬಿಡಿಯಲ್ಲಿ ಕೂಡಿಸುವುದು ಬೇಡ ಎಂದು. ಕಾಣಿಕೆಯನ್ನೂ ಕೈಗೆ ಹಣ ಬಂದ ಕೂಡಲೇ ತೆಗೆದಿಡುತ್ತೇನೆ. ಉಳಿದರೆ ಕೊಡುತ್ತೇನೆ ಎಂದವರ ಹತ್ತಿರ ಉಳಿದದ್ದನ್ನು ನಾನು ನೋಡಿಲ್ಲ.

ಇನ್ನೊಂದು, ಸಭೆ. ಇದು ನನಗೆ ಕೀರ್ತನೆ ಓದುವುದಕ್ಕಿಂತ ಕಷ್ಟ. ಭಾನುವಾರ ಆರಾಧನೆಗೆ ಹೋಗುವುದು ಕಷ್ಟವಲ್ಲ, ಅಲ್ಲಿ ಪಕ್ಕದಲ್ಲಿ ಕೂರುವವರ ಜೊತೆ ಸರಿಯಾಗಿರುವುದು ಕಷ್ಟ. ಒಮ್ಮೆ ಕ್ವಯರ್‌ನ ಯಾವುದೋ ಸಣ್ಣ ಮಾತಿಗೆ ನನಗೂ ಹಿರಿಯರೊಬ್ಬರಿಗೂ ಮನಸ್ತಾಪವಾಯಿತು. ಇಬ್ಬರೂ ತಪ್ಪದೆ ಬರುತ್ತಿದ್ದೆವು, ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದೆವು. ಮತ್ತಾಯ 5ರಲ್ಲಿ ಯೇಸು ಏನು ಹೇಳಿದ್ದಾನೆ? ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಒಂದಾಗು. ಯಾರ ತಪ್ಪು ಎಂಬ ಪ್ರಶ್ನೆಯೇ ಅಲ್ಲಿಲ್ಲ. ಪ್ರಭು ಭೋಜನದ ಭಾನುವಾರ ಆರಾಧನೆಗೆ ಮುಂಚೆ ಹೋಗಿ, "ಅಂಕಲ್, ಒಂದು ನಿಮಿಷ ಮಾತಾಡಬೇಕಿತ್ತು" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಬಾ, ಇಲ್ಲೇ ಕೂತ್ಕೋ" ಎಂದರು. ಎಲ್ಲವೂ ಅವತ್ತೇ ಸರಿಹೋಗಲಿಲ್ಲ. ಆದರೆ ಹೊರಗೆ ಹೋಗುವಾಗ ಒಂದೇ ಬಾಗಿಲು ಸಾಕಾಯಿತು.

ಶುರುಮಾಡುವವರಿಗೆ ಕೆಲಸಕ್ಕೆ ಬರುವ ಒಂದೆರಡು ಮಾತು. ಐದು ಜಾಸ್ತಿ ಅನ್ನಿಸಿದರೆ ತಾರೀಖಿನದ್ದು ಒಂದೇ ಓದಿ. ಮುಂದಿನ ತಿಂಗಳು ಮೂವತ್ತು ಕೂಡಿಸಿ, ಅದರ ಮುಂದಿನ ತಿಂಗಳು ಅರವತ್ತು. ಐದು ತಿಂಗಳಿಗೆ ಒಂದು ಸುತ್ತು. ರಾತ್ರಿ ಪಾಳಿಯವರಿಗೆ ಬೆಳಗಿನ ಹೊತ್ತೇ ಆಗಬೇಕೆಂದಿಲ್ಲ. 55ನೇ ಕೀರ್ತನೆಯಲ್ಲಿ ದಾವೀದ ತನ್ನ ಪ್ರಾರ್ಥನೆಯ ಹೊತ್ತುಗಳ ಪಟ್ಟಿ ಕೊಡುವಾಗ ಶುರುಮಾಡುವುದೇ ಸಾಯಂಕಾಲದಿಂದ. ಮಕ್ಕಳ ಜೊತೆ ಓದುವುದಾದರೆ ನೀವೊಂದು ವಚನ, ಅವರೊಂದು ವಚನ. 31ನೇ ತಾರೀಖು ಮಾತ್ರ ಅವರನ್ನು ಬಿಟ್ಟುಬಿಡಿ. 119ರಲ್ಲಿ ಎಂಟೆಂಟು ವಚನದ 22 ಭಾಗಗಳಿವೆ, ಒಂದು ಭಾಗ ಓದಿಸಿದರೆ ಸಾಕು.