ಸಾಬೂನೋ, ಔಷಧವೋ

ಟ್ರೈಮಿಥೈಲಮೀನ್ ಬಾಟಲಿ ತೆರೆದ ದಿನ ಪ್ರಯೋಗಾಲಯದಲ್ಲಿ ಯಾರೂ ನನ್ನ ಹತ್ತಿರ ಸುಳಿಯುತ್ತಿರಲಿಲ್ಲ. ಕೊಳೆತ ಮೀನಿನ ಆ ವಾಸನೆ ಕೂದಲಿಗೆ ಅಂಟಿಕೊಂಡು, ಸಂಜೆಯ ಬಸ್ಸಿನಲ್ಲಿಯೂ ಪಕ್ಕದ ಸೀಟು ಖಾಲಿ ಉಳಿಯುವಂತೆ ಮಾಡುತ್ತಿತ್ತು.

ಪಿಎಚ್‌ಡಿಗಾಗಿ ನಾನು ತಯಾರಿಸುತ್ತಿದ್ದದ್ದು ಆಲ್ಕೈಲ್‌ಫಾಸ್ಫೊಕೋಲಿನ್‌ಗಳೆಂಬ, ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಕೊಬ್ಬಿನಂಥ ಅಣುಗಳನ್ನು. ಉದ್ದನೆಯ ಕೊಬ್ಬಿನ ಬಾಲ, ತುದಿಯಲ್ಲಿ ನೀರನ್ನು ಬಯಸುವ ತಲೆ. ಈ ಮನೆತನದ ಹಿರಿಯ ಮಿಲ್ಟೆಫೊಸಿನ್; ಅದರ ಬಾಲದಲ್ಲಿ 16 ಇಂಗಾಲ. ಚರ್ಮಕ್ಕೆ ಹರಡಿದ ಸ್ತನ ಕ್ಯಾನ್ಸರ್‌ಗೆ ಮೇಲೆ ಹಚ್ಚುವ ದ್ರಾವಣವಾಗಿ ಜರ್ಮನಿಯಲ್ಲಿ ಬಳಕೆಗೆ ಬಂತು. ನುಂಗಿದವರಿಗೆ ವಾಂತಿ, ಭೇದಿ ಕಾಡಿದ್ದರಿಂದ ಕ್ಯಾನ್ಸರ್‌ನಲ್ಲಿ ಅದರ ದಾರಿ ಅಲ್ಲಿಗೇ ನಿಂತಿತು. ಕೊನೆಗೆ 2002ರಲ್ಲಿ ನಮ್ಮ ದೇಶದಲ್ಲೇ ಪರಾವಲಂಬಿ ಜೀವಿಯಿಂದ ಬರುವ ಕಾಲಾ ಅಜಾರ್ ಜ್ವರಕ್ಕೆ ಕ್ಯಾಪ್ಸೂಲ್ ಆಯಿತು.

ತಯಾರಿಕೆ ಕಾಗದದ ಮೇಲೆ ಎರಡೇ ಹೆಜ್ಜೆ. ಉದ್ದ ಸರಪಳಿಯ ಆಲ್ಕೊಹಾಲಿಗೆ ರಂಜಕದ ಉಂಗುರವೊಂದನ್ನು ಜೋಡಿಸುವುದು. ಮೀನುವಾಸನೆಯ ಆ ಟ್ರೈಮಿಥೈಲಮೀನ್ ಎಂಬ ಅಮೀನು ಆ ಉಂಗುರವನ್ನು ಬಿಚ್ಚುವುದು. ಆದರೆ ಒಂದು ಹನಿ ತೇವವಿದ್ದರೂ ಅಮೀನಿಗಿಂತ ಮೊದಲು ನೀರೇ ಉಂಗುರವನ್ನು ಬಿಚ್ಚಿಬಿಡುತ್ತದೆ. ನನ್ನ ಮೊದಲ ಎರಡು ಪ್ರಯತ್ನಗಳು ಜೂನ್ ತಿಂಗಳ ಮಳೆಗೆ ಹೋದವು. ಸಿಕ್ಕಿದ ಬಿಳಿ ಪುಡಿಯೂ ತೂಕಕ್ಕಿಟ್ಟರೆ ಹಳೆಯ ಬೆಲ್ಲದಂತೆ ಜಿನುಗುತ್ತಿತ್ತು.

ಕ್ಯಾನ್ಸರ್ ಜೀವಕೋಶಗಳ ಮೇಲಿನ ಪರೀಕ್ಷೆಯೇ ನನ್ನನ್ನು ಚೆನ್ನಾಗಿ ಮೂರ್ಖಳನ್ನಾಗಿಸಿದ್ದು. 96 ಗುಳಿಗಳ ತಟ್ಟೆಯಲ್ಲಿ ಎಂಟಿಟಿ ಎಂಬ ಹಳದಿ ಬಣ್ಣ ಹಾಕಿದರೆ, ಬದುಕಿರುವ ಕೋಶ ಅದನ್ನು ನೇರಳೆಯಾಗಿಸುತ್ತದೆ. ನನ್ನ ಸಂಯುಕ್ತ ಬಿದ್ದ ಸಾಲುಗಳು ಅಚ್ಚ ಹಳದಿ. ತಟ್ಟೆಯನ್ನು ಹಿಡಿದುಕೊಂಡು ಓಡಿಹೋದೆ. ಗೈಡ್ ಮೇಡಂ ತಲೆಯೆತ್ತದೆ ಕೇಳಿದರು: “ಸಾಬೂನು ಹಾಕಿದ್ದರೂ ಸಾಯುತ್ತಿದ್ದವಲ್ಲ? ಕೆಂಪು ರಕ್ತಕಣದ ಮೇಲೆ ನೋಡಿದ್ದೀಯಾ?”

ನೋಡಿರಲಿಲ್ಲ. ಸಾಬೂನು ಯಾವ ಕೋಶದ ಪೊರೆಯನ್ನಾದರೂ ಒಡೆಯುತ್ತದೆ; ಔಷಧವಾದರೆ ರಕ್ತಕಣಗಳನ್ನು ಬಿಟ್ಟುಬಿಡಬೇಕು. ಕುರಿಯ ರಕ್ತಕಣಗಳ ಮೇಲೆ ಹಾಕಿದಾಗ, ಹೆಚ್ಚುಕಡಿಮೆ ಅದೇ ಪ್ರಮಾಣಕ್ಕೆ ಕಣಗಳು ಒಡೆದು ದ್ರಾವಣವೆಲ್ಲ ಕೆಂಪಾಯಿತು. ಇನ್ನೊಂದು ತಪ್ಪೂ ಹೊರಬಿತ್ತು: ನಾನು ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ, ಇಲ್ಲದ ಪೋಷಕ ದ್ರಾವಣದಲ್ಲಿ ಕೋಶಗಳನ್ನು ಪರೀಕ್ಷಿಸಿದ್ದೆ. 10% ಸೀರಂ ಸೇರಿಸಿದರೆ ಅದರಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನು ಈ ಕೊಬ್ಬಿನಂಥ ಅಣುವನ್ನು ತಬ್ಬಿಕೊಳ್ಳುತ್ತದೆ. ಅದೇ ಪರಿಣಾಮಕ್ಕೆ ಹಲವು ಪಟ್ಟು ಹೆಚ್ಚು ಬೇಕಾಯಿತು. ನಾಲ್ಕು ತಿಂಗಳ ಅಂಕಿಗಳನ್ನು ಹೊಡೆದುಹಾಕಿದೆ.

ಪರಿಹಾರದ ಸುಳಿವು ಹಳೆಯ ಪ್ರಬಂಧಗಳಲ್ಲೇ ಇತ್ತು. ಜರ್ಮನಿಯ ಗ್ಯೋಟಿಂಗೆನ್‌ನ ವಿಜ್ಞಾನಿ ಹಾನ್ಸ್‌ಯೋರ್ಗ್ ಐಬ್ಲ್ ಅವರ ಗುಂಪು ಬಾಲವನ್ನು 22 ಇಂಗಾಲಕ್ಕೆ ಹಿಗ್ಗಿಸಿ, ನಡುವೆ ಒಂದು ಬಾಗು ಇಟ್ಟಿತ್ತು. ಅಂಥ ಅಣುಗಳು ನೀರಿನಲ್ಲಿ ಸಾಬೂನಿನಂತೆ ಉಂಡೆಗಟ್ಟದೆ ಪದರಗಳಾಗಿ ನಿಲ್ಲುತ್ತವೆ, ರಕ್ತಕಣಗಳನ್ನು ಒಡೆಯುವುದಿಲ್ಲ. ಆ ಬಾಲದ ಮೂಲ ಎರುಸಿಕ್ ಆಮ್ಲ, ನಮ್ಮ ಸಾಸಿವೆ ಎಣ್ಣೆಯಲ್ಲಿ ಧಾರಾಳವಾಗಿರುವುದು. ಒಗ್ಗರಣೆಯ ಸಾಸಿವೆಯನ್ನು ಆಮೇಲೆ ನಾನು ಸ್ವಲ್ಪ ಮರ್ಯಾದೆಯಿಂದಲೇ ನೋಡುತ್ತಿದ್ದೆ.

ಆ ಬಾಲ ಜೋಡಿಸಿದ ಸಂಯುಕ್ತ ನಿಧಾನಿ. 24 ಗಂಟೆಗೆ ಏನೂ ಕಾಣಲಿಲ್ಲ. 72 ಗಂಟೆಗೆ, ಸೀರಂ ಇದ್ದೂ, ಕೋಶಗಳು ಕುಗ್ಗಿ ತಳ ಬಿಟ್ಟು ತೇಲಿದವು. ಪಕ್ಕದ ನಳಿಕೆಯಲ್ಲಿ ರಕ್ತಕಣಗಳು ತಳದಲ್ಲಿ ಸುಮ್ಮನೆ ಕುಳಿತಿದ್ದವು, ಮೇಲಿನ ದ್ರಾವಣ ತಿಳಿಯಾಗಿತ್ತು. ಈ ಸಲ ಓಡಿಹೋಗಲಿಲ್ಲ. ಇಡೀ ಪ್ರಯೋಗವನ್ನು ಇನ್ನೆರಡು ಸಲ ಮಾಡಿ, ಆಮೇಲೆ ಮೇಡಂ ಬಾಗಿಲು ತಟ್ಟಿದೆ.